ಟಿವಿಯ ದನಿ ಇಳಿಸಿಕೊಳ್ಳಲು ಯಾವ ಕೇಬಲ್?

ಟಿವಿಯ ಶಬ್ದವನ್ನು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಬೇಕು ಅಂದ ಕೂಡಲೇ ಎಲ್ಲರೂ ಕೇಳೋದು "ಯಾವ ಕೇಬಲ್ ತಗೋಬೇಕು?" ಅಂತ. ನಮ್ಮ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಟಿವಿಯ ಬೆನ್ನಲ್ಲಿ ಯಾವ ಸಾಕೆಟ್ ಇದೆ, ರೆಕಾರ್ಡ್ ಮಾಡುವ ಕಡೆ ಯಾವುದಿದೆ, ಎರಡರ ಸಿಗ್ನಲ್ ಮಟ್ಟ ಹೊಂದುತ್ತದೋ ಇಲ್ಲವೋ, ಇಷ್ಟು ನೋಡಿಕೊಂಡರೆ ಕೇಬಲ್ ತಾನಾಗೇ ಗೊತ್ತಾಗುತ್ತೆ.

ನಮಗೆ ಈ ವರ್ಷ ಈ ಕೆಲಸ ಬಿದ್ದದ್ದು ಒಂದು ಮದುವೆ ಕ್ಯಾಸೆಟ್ಟಿನಿಂದ. ಸಂಘದ ಗೆಳತಿಯೊಬ್ಬಳು ಊರಿಂದ ತಂದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಅವಳ ಅಜ್ಜಿ ಹಾಡಿದ ಸೋಬಾನೆ ಪದಗಳಿದ್ದವು. ಅಜ್ಜಿ ಈಗಿಲ್ಲ, ಅವರ ದನಿ ಬೇರೆಲ್ಲೂ ಉಳಿದಿಲ್ಲ. ಭಾರತದಲ್ಲೂ ಜರ್ಮನಿಯಲ್ಲೂ ಇದ್ದದ್ದು ಪಾಲ್ ಪದ್ಧತಿಯೇ ಆದ್ದರಿಂದ ಇಲ್ಲಿನ ಹಳೇ ಸೆಟ್ಟಿನಲ್ಲಿ ನಮ್ಮೂರ ಕ್ಯಾಸೆಟ್ ಓಡುತ್ತೆ. ಅಮೆರಿಕದಲ್ಲಿರುವ ಗೆಳೆಯರಿಗೆ ಈ ಭಾಗ್ಯವಿಲ್ಲ, ಅಲ್ಲಿಯದು ಎನ್‌ಟಿಎಸ್‌ಸಿ. ಫ್ಲೋಮಾರ್ಕ್ಟ್‌ನಲ್ಲಿ ಹೊಟ್ಟೆಯೊಳಗೇ ವಿಸಿಆರ್ ಇಟ್ಟುಕೊಂಡ ಟಿವಿಯೊಂದು ಸಿಕ್ಕಿತು. ಆದರೆ ಹಳೇ ಟೇಪು ಓಡಿದಷ್ಟೂ ಸವೆಯುತ್ತೆ, ಸಿಕ್ಕಿಕೊಂಡರೆ ಹರಿದೇ ಹೋಗಬಹುದು. ಹಾಗಾಗಿ ಪರೀಕ್ಷೆಗಳನ್ನೆಲ್ಲ ಒಂದು ಜರ್ಮನ್ ಕಾರ್ಟೂನ್ ಕ್ಯಾಸೆಟ್ಟಿನ ಮೇಲೆ ಮಾಡಿ, ಎಲ್ಲ ಸರಿಹೋದ ಮೇಲಷ್ಟೇ ಅಜ್ಜಿಯ ಕ್ಯಾಸೆಟ್ ಒಳಗೆ ಹಾಕುವುದೆಂದು ನಿಶ್ಚಯಿಸಿದೆವು.

ಆ ಟಿವಿಯಿಂದ ದನಿ ಹೊರಬರಲು ಎರಡೇ ದಾರಿ. ಮುಂದೆ 3.5 ಮಿಲಿಮೀಟರಿನ ಹೆಡ್‌ಫೋನ್ ಸಾಕೆಟ್, ಹಿಂದೆ ಅಗಲವಾದ ಸ್ಕಾರ್ಟ್. ಹೆಡ್‌ಫೋನಿನಿಂದ ತೆಗೆಯೋದು ಸುಲಭ. ಆದರೆ ಅಲ್ಲಿ ಬರುವ ಸಿಗ್ನಲ್ ಟಿವಿಯ ವಾಲ್ಯೂಮ್ ಜೊತೆ ಏರಿಳಿಯುತ್ತೆ. ಯಾರಾದರೂ ರಿಮೋಟ್ ಒತ್ತಿದರೆ ರೆಕಾರ್ಡಿಂಗೂ ಹಾಳು. ಸ್ಕಾರ್ಟ್‌ನಲ್ಲಿ ಆ ತೊಂದರೆಯಿಲ್ಲ, ಅಲ್ಲಿನ ಮಟ್ಟ ಸ್ಥಿರ. 21 ಪಿನ್ನುಗಳಲ್ಲಿ ನಮಗೆ ಬೇಕಾದ್ದು ಮೂರೇ: 1 ಬಲಗಡೆಯ ದನಿ, 3 ಎಡಗಡೆಯದು, 4 ಗ್ರೌಂಡ್. ಅದನ್ನು ಕೆಂಪು-ಬಿಳಿ ಆರ್‌ಸಿಎ ಸಾಕೆಟ್‌ಗಳಿಗೆ ಇಳಿಸುವ ಅಡಾಪ್ಟರ್ ಕೆಲವೇ ಯೂರೋಗೆ ಸಿಗುತ್ತೆ. ಕೊಳ್ಳುವಾಗ ಅದರ ಮೇಲೆ ಇನ್-ಔಟ್ ಅನ್ನೋ ಪುಟ್ಟ ಸ್ವಿಚ್ ಇದೆಯೇ ನೋಡಿ. ಸ್ವಿಚ್ ಇಲ್ಲದ ಅಗ್ಗದ ಅಡಾಪ್ಟರುಗಳಲ್ಲಿ ಹಲವು ಬರೀ ಟಿವಿಯ ಒಳಕ್ಕೆ ಸಿಗ್ನಲ್ ಕೊಡೋಕೆ ಮಾಡಿದಂಥವು. ಅದನ್ನು ಹಾಕಿ ಎಷ್ಟು ಹೊತ್ತು ಕೂತರೂ ದನಿ ಹೊರಗೆ ಬರಲ್ಲ.

ಇನ್ನು ಲ್ಯಾಪ್‌ಟಾಪ್ ತುದಿ. ಎಡವಟ್ಟಾಗೋದು ಹೆಚ್ಚಾಗಿ ಇಲ್ಲೇ. ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಡ್‌ಸೆಟ್ಟಿಗೆಂದು ಒಂದೇ ತೂತು. ಅದಕ್ಕೆ ನಾಲ್ಕು ಭಾಗದ ಪ್ಲಗ್ ಬೇಕು. ಮಾಮೂಲಿ ಮೂರು ಭಾಗದ ಪ್ಲಗ್ ಸಿಕ್ಕಿಸಿದರೆ ಅದು ಹೆಡ್‌ಫೋನ್ ಅಂದುಕೊಂಡು ಸುಮ್ಮನಿರುತ್ತೆ. ಸರಿಯಾದ ಪ್ಲಗ್ಗೇ ಹಾಕಿದಿರಿ ಅಂತಿಟ್ಟುಕೊಳ್ಳಿ, ಆಗಲೂ ಅದು ಮೈಕಿನ ಬಾಗಿಲು. ಮೈಕ್ ಕೊಡೋದು ಕೆಲವು ಮಿಲಿವೋಲ್ಟ್, ಸ್ಕಾರ್ಟ್ ಕೊಡೋದು ಸುಮಾರು ಅರ್ಧ ವೋಲ್ಟ್. ಚೊಂಬಿಗೆ ಬೋರ್‌ವೆಲ್ ಪೈಪ್ ಹಿಡಿದ ಹಾಗೆ. ದನಿ ಒಡೆದು ಗರಗರ ಅನ್ನುತ್ತೆ. ಜೊತೆಗೆ ಮೈಕ್ ದಾರಿ ಸಾಮಾನ್ಯವಾಗಿ ಮೋನೋ. ಅದಕ್ಕೇ ಕೆಂಪು-ಬಿಳಿ ಲೈನ್-ಇನ್ ಇರುವ ಯುಎಸ್‌ಬಿ ಆಡಿಯೋ ಡಬ್ಬಿಯೊಂದನ್ನು ಕೊಂಡೆವು. ದುಡ್ಡು ಹಾಕಬೇಕಾದ್ದು ಅದಕ್ಕೆ, ಕೇಬಲ್ಲಿಗಲ್ಲ.

ಈಗ ಕೇಬಲ್ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು: ಎರಡೂ ತುದಿಯಲ್ಲಿ ಕೆಂಪು-ಬಿಳಿ ಇರುವ ಸಾದಾ ಆರ್‌ಸಿಎ ಜೋಡಿ, ಒಂದೂವರೆ ಮೀಟರ್. ಚಿನ್ನದ ಲೇಪ, ವಿಶೇಷ ತಾಮ್ರ ಅಂತ ಅಂಗಡಿಯವರು ಏನೇನೋ ಹೇಳ್ತಾರೆ. ಇಷ್ಟು ಚಿಕ್ಕ ಉದ್ದದಲ್ಲಿ ಅದರಿಂದ ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಚಿನ್ನ ಬೇಗ ಕಿಲುಬು ಹಿಡಿಯಲ್ಲ, ಅಷ್ಟೇ. ನೋಡಬೇಕಾದ್ದು ತಂತಿಯ ಸುತ್ತ ಶೀಲ್ಡ್ ಸರಿಯಾಗಿದೆಯಾ, ಪ್ಲಗ್ ಸಡಿಲವಾಗಿ ಅಲ್ಲಾಡುತ್ತಾ ಅನ್ನೋದು. ಎರಡು ತಂತಿಯನ್ನು ಒಂದಕ್ಕೆ ಸೇರಿಸುವ ವೈ ಆಕಾರದ ಕೇಬಲ್ ಮಾತ್ರ ಇಲ್ಲಿ ಬೇಡ. ಟಿವಿಯ ಎರಡು ಔಟ್‌ಪುಟ್‌ಗಳನ್ನು ನೇರ ಕೂಡಿಸುವುದು ಒಳ್ಳೆಯದಲ್ಲ. ಮೋನೋ ಬೇಕಿದ್ದರೆ ಆಮೇಲೆ ಸಾಫ್ಟ್‌ವೇರಿನಲ್ಲಿ ಮಾಡಿಕೊಳ್ಳಿ.

ಕಾರ್ಟೂನ್ ಪರೀಕ್ಷೆಯಲ್ಲಿ "ಗುಂಯ್" ಅಂತ ಒಂದು ಸದ್ದು ಹಿಂದಿನಿಂದ ಬರ್ತಾ ಇತ್ತು. ಕೇಬಲ್ ಬದಲಿಸಿದರೂ ಹೋಗಲಿಲ್ಲ. ಅದು ಗ್ರೌಂಡ್ ಲೂಪ್. ಟಿವಿಗೆ ಸಿಕ್ಕಿಸಿದ್ದ ಆಂಟೆನಾ ಕೇಬಲ್ ಒಂದು ಕಡೆ ಭೂಮಿಗೆ ಸೇರಿತ್ತು, ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದು ಕಡೆ. ಎರಡರ ನಡುವೆ ನಮ್ಮ ಆಡಿಯೋ ತಂತಿಯ ಮೂಲಕ ಮೇನ್ಸಿನ 50 ಹರ್ಟ್ಸ್ ಹರಿದಾಡುತ್ತಿತ್ತು. ಕ್ಯಾಸೆಟ್ಟಿಗೆ ಆಂಟೆನಾ ಯಾಕೆ? ಕಿತ್ತೆವು. ಚಾರ್ಜರನ್ನೂ ಕಿತ್ತು ಬ್ಯಾಟರಿಯಲ್ಲೇ ನಡೆಸಿದೆವು. ಸದ್ದು ಅಲ್ಲಿಗೇ ನಿಂತಿತು. ಚಾನೆಲ್ಲಿನ ಕಾರ್ಯಕ್ರಮ ರೆಕಾರ್ಡ್ ಮಾಡುವವರು ಆಂಟೆನಾ ಕೀಳೋ ಹಾಗಿಲ್ಲ. ಬ್ಯಾಟರಿಯೂ ಸಾಲದಿದ್ದರೆ ಆಡಿಯೋ ಐಸೊಲೇಟರ್ ಅನ್ನೋ ಸಣ್ಣ ಟ್ರಾನ್ಸ್‌ಫಾರ್ಮರ್ ಡಬ್ಬಿಯನ್ನು ನಡುವೆ ಹಾಕಬೇಕು.

ಹೊಸ ಟಿವಿ ಇರುವವರಿಗೆ ಒಂದು ಮಾತು. ಅದರಲ್ಲಿ ಸ್ಕಾರ್ಟ್ ಇರಲಿಕ್ಕಿಲ್ಲ, ಆಪ್ಟಿಕಲ್ ಇರುತ್ತೆ. ಅದರಲ್ಲಿ ಹೋಗೋದು ಬೆಳಕು, ಹಾಗಾಗಿ ಗುಂಯ್ ಅನ್ನೋ ಪ್ರಶ್ನೆಯೇ ಇಲ್ಲ. ಆದರೆ ಆಪ್ಟಿಕಲ್ ಒಳದಾರಿ ಇರುವ ರೆಕಾರ್ಡರ್ ಬೇಕು, ಟಿವಿ ಸೆಟ್ಟಿಂಗಿನಲ್ಲಿ ಪಿಸಿಎಂ ಆರಿಸಿರಬೇಕು.

ನಾವು ಆಡಾಸಿಟಿಯಲ್ಲಿ 48 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ ಇಟ್ಟುಕೊಂಡೆವು. ಗಂಟೆಗೆ ಸುಮಾರು 700 ಎಂಬಿ ಆಗುತ್ತೆ. ಮದುವೆ ಅಂದಮೇಲೆ ಅಜ್ಜಿಯ ಮೆಲುದನಿಯ ಹಿಂದೆಯೇ ವಾಲಗ ಜೋರಾಗಿ ಶುರುವಾಗುತ್ತೆ. ಅದಕ್ಕೆ ಜಾಗ ಬಿಟ್ಟು, ಮೀಟರ್ ಅತಿ ಜೋರಿನಲ್ಲೂ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಟ್ಟೆವು. ಒಂದೇ ಸಲ ಓಡಿಸಿದೆವು, ಐದು ಪದಗಳು ಬಂದವು. ವಾಟ್ಸಾಪಿನಲ್ಲಿ ಮನೆಯವರಿಗೆ ಎಂಪಿ3 ಕಳಿಸಿ, ಮೂಲ ವೇವ್ ಫೈಲನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟಿದ್ದೇವೆ. ಟಿವಿ, ಅಡಾಪ್ಟರ್, ಯುಎಸ್‌ಬಿ ಡಬ್ಬಿ ಮೂರೂ ಸಂಘದ ಕಪಾಟಿನಲ್ಲಿವೆ. ಮುಂದಿನ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲೆ ಕ್ಯಾಸೆಟ್ ಕಂಡರೆ ತನ್ನಿ. ಬರುವಾಗ ಚೆಕ್-ಇನ್ ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.