ಸೆಕೆಂಡ್‌-ಹ್ಯಾಂಡ್‌: ಕೈ ದಾಟಿ ಬಂದದ್ದು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಂಡವರಿಗೆ ‘ಸೆಕೆಂಡ್‌-ಹ್ಯಾಂಡ್‌’ ಹೊಸ ಮಾತೇನಲ್ಲ. ಕನ್ನಡದ ನಡುವೆ ಸಲೀಸಾಗಿ ಬರುವ ಈ ಪದವನ್ನು ಇಂಗ್ಲಿಷ್ ವಾಕ್ಯದಲ್ಲಿ ಸರಿಯಾಗಿ ಬಳಸುವುದು ಹೇಗೆಂದು ನಿಧಾನವಾಗಿ ನೋಡೋಣ.

ಮೊದಲು ಬುನಾದಿ. ನಾಮಪದದ ಗುಣ, ಸ್ಥಿತಿಗಳನ್ನು ತಿಳಿಸುವ ಪದ ವಿಶೇಷಣ. ‘ಕೆಂಪು ಹೂವು’ ಎಂಬಲ್ಲಿ ‘ಕೆಂಪು’ ಇದ್ದಂತೆ. ಒಂದಕ್ಕಿಂತ ಹೆಚ್ಚು ಪದಗಳು ಕೂಡಿ ಒಂದೇ ವಿಶೇಷಣವಾದರೆ ಅದು ಸಂಯುಕ್ತ ವಿಶೇಷಣ. ಇಲ್ಲಿ ‘ಸೆಕೆಂಡ್‌’ ಎಂದರೆ ಎರಡನೆಯ, ‘ಹ್ಯಾಂಡ್‌’ ಎಂದರೆ ಕೈ. ವಸ್ತು ಹಿಂದೆ ಇನ್ನೊಬ್ಬರದಾಗಿತ್ತು, ಅವರ ಕೈ ದಾಟಿ ಬಂದಿದೆ ಎಂಬುದೇ ತಿರುಳು. ಅದು ಕಳಪೆ ಎಂಬ ಅರ್ಥ ಇದರಲ್ಲಿಲ್ಲ. ಸಣ್ಣ ದೋಷವಿರುವ ಹೊಸ ಬಟ್ಟೆಯನ್ನು ‘ಸೆಕೆಂಡ್ಸ್‌’ ಎಂದು ಮಾರುತ್ತಾರಲ್ಲ, ಅದು ಬೇರೆ. ಅದನ್ನು ಇನ್ನೂ ಯಾರೂ ಉಟ್ಟಿಲ್ಲ, ತೊಟ್ಟಿಲ್ಲ.

ಈ ತಿರುಳು ಹಿಡಿದರೆ ಉಳಿದ ಅರ್ಥಗಳೂ ನಿಮಗೆ ಸುಲಭ. ‘ಸೆಕೆಂಡ್‌-ಹ್ಯಾಂಡ್‌ ಇನ್ಫರ್ಮೇಶನ್‌’ ಎಂದರೆ ಸ್ವತಃ ಕಂಡದ್ದಲ್ಲ, ಇನ್ನೊಬ್ಬರ ಮೂಲಕ ತಿಳಿದದ್ದು. ಕಣ್ಣಾರೆ ಕಂಡು ತಿಳಿದದ್ದು ‘ಫಸ್ಟ್‌-ಹ್ಯಾಂಡ್‌’. ಹಾಗೆಂದು ಹೊಸ ಬೈಕನ್ನು ‘ಫಸ್ಟ್‌-ಹ್ಯಾಂಡ್‌’ ಎನ್ನಬೇಡಿ. ಅದಕ್ಕೆ ‘ನ್ಯೂ’ ಸಾಕು. ಪಕ್ಕದವರು ಸೇದುವ ಸಿಗರೇಟಿನಿಂದ ಸೇದದವರ ಉಸಿರಿಗೂ ಸೇರುವ ಹೊಗೆ ‘ಸೆಕೆಂಡ್‌-ಹ್ಯಾಂಡ್‌ ಸ್ಮೋಕ್‌’.

ಇನ್ನು ಬರವಣಿಗೆ. ಎರಡು ಪದಗಳ ನಡುವಿನ ಚಿಕ್ಕ ಗೆರೆಗೆ ಹೈಫನ್ ಎಂದು ಹೆಸರು. ಹೈಫನ್ ಇಲ್ಲದೆ ಬಿಡಿಸಿ ಬರೆದರೆ, ಗಡಿಯಾರದ ಸೆಕೆಂಡಿನ ಮುಳ್ಳು ಎಂದೂ ಓದಿಕೊಳ್ಳಬಹುದು. ಅಮೆರಿಕದ ಬರಹದಲ್ಲಿ ಎರಡನ್ನೂ ಕೂಡಿಸಿ ಒಂದೇ ಪದವಾಗಿ ಬರೆಯುವುದುಂಟು. ನಾಮಪದ ಬಹುವಚನವಾದರೂ ವಿಶೇಷಣ ಬದಲಾಗದು: ‘ಸೆಕೆಂಡ್‌-ಹ್ಯಾಂಡ್‌ ಬುಕ್ಸ್‌’.

ಪದದ ಸ್ಥಾನವನ್ನೂ ಗಮನಿಸಿ. ‘ಎ ಸೆಕೆಂಡ್‌-ಹ್ಯಾಂಡ್‌ ಕಾರ್‌’ ಎಂಬಲ್ಲಿ ಅದು ನಾಮಪದದ ಮುಂಚೆ ಬಂದಿದೆ. ‘ದಿ ಕಾರ್‌ ಈಸ್‌ ಸೆಕೆಂಡ್‌-ಹ್ಯಾಂಡ್‌’ ಎಂಬಲ್ಲಿ ಕ್ರಿಯಾಪದದ ನಂತರ. ‘ಐ ಬಾಟ್‌ ಇಟ್‌ ಸೆಕೆಂಡ್‌-ಹ್ಯಾಂಡ್‌’ ಎಂದಾಗ ಮಾತ್ರ ಅದು ಕೊಂಡ ಬಗೆಯನ್ನು ಹೇಳುತ್ತದೆ. ಕ್ರಿಯೆ ನಡೆದ ಬಗೆಯನ್ನು ತಿಳಿಸುವ ಇಂಥ ಪದ ಕ್ರಿಯಾವಿಶೇಷಣ.

ಈಗ ನಿಮ್ಮ ಸರದಿ. ಒಂದು ವಸ್ತು, ಒಂದು ಸುದ್ದಿ ಆರಿಸಿಕೊಂಡು ಎರಡು ವಾಕ್ಯ ಬರೆಯಿರಿ. ಪ್ರತಿ ವಾಕ್ಯಕ್ಕೂ ಕೇಳಿಕೊಳ್ಳಿ: ಇದು ಯಾರನ್ನು ದಾಟಿ ನನಗೆ ಬಂತು? ಉತ್ತರ ಸಿಕ್ಕರೆ ನಿಮ್ಮ ಪ್ರಯೋಗ ಸರಿಯಾಗಿದೆ.