ಹಂಪಿಗೊಂದು ಕಾಲ, ಸಂಡೂರಿಗೊಂದು ಕಾಲ

ಹೊಸಪೇಟೆಗೆ ಬಂದಿಳಿದರೆ ಹಂಪಿ, ಸಂಡೂರು, ಕಂಪ್ಲಿ ಮೂರೂ ಹತ್ತಿರವೇ. ಆದರೆ ಮೂರಕ್ಕೂ ಹದವಾದ ಕಾಲ ಒಂದೇ ಅಲ್ಲ.

ಹಂಪಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕಾದ ಬಂಡೆಗಳು ಸಂಜೆಯಾದರೂ ಆರುವುದಿಲ್ಲ. ಚೈತ್ರದಲ್ಲಿ ವಿರೂಪಾಕ್ಷನ ತೇರಿಗೆಂದೇ ಹೋಗುವವರು ಮಧ್ಯಾಹ್ನ ನೆರಳು ಬಿಟ್ಟು ಕದಲಬೇಡಿ.

ಸಂಡೂರಿನ ಬೆಟ್ಟಗಳು ಹಸಿರಾಗುವುದು ಮಳೆ ಹಿಡಿದ ಮೇಲೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಆದರೆ ಕಂಪ್ಲಿಗೆ ಅದೇ ಹೊಳೆ ಬರುವ ಹೊತ್ತು. ಇಲ್ಲಿ ಹನಿ ಬೀಳದಿದ್ದರೂ ಮಲೆನಾಡಿನಲ್ಲಿ ಸುರಿದರೆ ತುಂಗಭದ್ರಾ ಜಲಾಶಯ ತುಂಬುತ್ತದೆ. ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿಯ ದಾರಿ ಬಂದ್ ಆಗುತ್ತದೆ.

ಆದ್ದರಿಂದ ಮಳೆಗಾಲದಲ್ಲಿ ಹೊರಡುವ ಮುನ್ನ ಮಳೆಯಷ್ಟೇ ಅಲ್ಲ, ಜಲಾಶಯದ ಹೊರಹರಿವನ್ನೂ ವಿಚಾರಿಸಿ.