ಮಣ್ಣಿನ ಪರೀಕ್ಷೆ: ಸ್ವಯಂಚಾಲಿತ ಯಂತ್ರಗಳೂ ಬೇಸಾಯಗಾರನ ಕೈಯೂ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯು ಲಕ್ಷ್ಮಣತೀರ್ಥ ನದಿಯ ಕಟ್ಟೆಯಿಂದಲೂ ವರ್ಜೀನಿಯಾ ಹೊಗೆಸೊಪ್ಪಿನ ಹರಾಜಿನಿಂದಲೂ ಹೆಸರಾದ ಊರು. ಹರಾಜಿನಲ್ಲಿ ದೊರೆಯುವ ಬೆಲೆಯು ಎಲೆಯ ಗುಣವನ್ನೂ, ಎಲೆಯ ಗುಣವು ಬಹುಮಟ್ಟಿಗೆ ನೆಲದ ಸತ್ವವನ್ನೂ ಅನುಸರಿಸಿರುವುದು. ಆದುದರಿಂದ ಮಣ್ಣಿನ ಪರೀಕ್ಷೆಯು ಹೇಗೆ ನಡೆಯುವುದೆಂಬುದನ್ನು ಬೇಸಾಯಗಾರರು ತಿಳಿದಿರುವುದು ಅವಶ್ಯಕ.

ಹಿಂದೆ ರಸಾಯನಜ್ಞನು ಒಂದೊಂದು ಮಣ್ಣಿನ ಸಾರದ್ರವಕ್ಕೂ ಕೈಯಿಂದಲೇ ಔಷಧಿಗಳನ್ನು ಬೆರೆಸಿ, ಉಂಟಾದ ಬಣ್ಣವನ್ನು ಅಳೆಯಬೇಕಾಗಿತ್ತು. ರಂಜಕವಿದ್ದರೆ ನೀಲಿ ಬಣ್ಣವು ಮೂಡುವುದು. ಬಣ್ಣವು ಗಾಢವಾದಷ್ಟೂ ರಂಜಕವು ಹೆಚ್ಚು. ನೂರಾರು ಮಾದರಿಗಳಾದಾಗ ಕೈ ಸೋಲುವುದು, ತಪ್ಪು ನುಸುಳುವುದು.

ಈ ಶ್ರಮವನ್ನು ನೀಗಿದ ಯಂತ್ರವನ್ನು ಅಮೆರಿಕದ ಲೆನರ್ಡ್ ಸ್ಕೆಗ್ಸ್ ಎಂಬ ವಿಜ್ಞಾನಿಯು ರಕ್ತಪರೀಕ್ಷೆಗಾಗಿ ಕಲ್ಪಿಸಿದನು. ಅದು 1957ರಲ್ಲಿ ಮಾರಾಟಕ್ಕೆ ಬಂದಿತು. ಅನಂತರ ಮಣ್ಣು, ನೀರುಗಳ ಪರೀಕ್ಷೆಗೂ ಒದಗಿತು. ಇದರಲ್ಲಿ ದ್ರವಗಳು ಸಣ್ಣ ನಳಿಗೆಯೊಳಗೆ ಒಂದರ ಹಿಂದೊಂದು ಹರಿಯುತ್ತವೆ. ನಡುನಡುವೆ ಬಿಟ್ಟ ಗಾಳಿಯ ಗುಳ್ಳೆಗಳು ಒಂದು ಮತ್ತೊಂದರೊಡನೆ ಬೆರೆಯದಂತೆ ತಡೆಯುತ್ತವೆ. ಔಷಧಿಯು ದಾರಿಯಲ್ಲಿಯೇ ಅಳತೆಯಂತೆ ಸೇರುವುದು. ಕೊನೆಯಲ್ಲಿ ಬೆಳಕಿನ ಕಣ್ಣು ಬಣ್ಣವನ್ನಳೆಯುವುದು.

ಇಂತಹ ಯಂತ್ರಗಳಲ್ಲಿ ಬಟ್ಟಲುಗಳನ್ನು ಹೊತ್ತ ತಟ್ಟೆಯು ತಾನಾಗಿ ತಿರುಗಿ, ಹೀರುವ ಸೂಜಿಯು ಸರಿಯಾದ ಬಟ್ಟಲಿಗೆ ಇಳಿಯಬೇಕು. ಇದಕ್ಕಾಗಿ ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟಾರನ್ನು ಅನೇಕ ಯಂತ್ರಗಳಲ್ಲಿ ಬಳಸುವರು. ಸಾಮಾನ್ಯವಾಗಿ ಅದು ಒಂದು ಸುತ್ತಿಗೆ 200 ಹೆಜ್ಜೆಗಳನ್ನಿಡುವುದು. ಸ್ಥಾನವು ಒಂದು ಬಟ್ಟಲಿನಷ್ಟು ತಪ್ಪಿದರೂ ಒಬ್ಬನ ಹೊಲದ ಫಲಿತಾಂಶವು ಮತ್ತೊಬ್ಬನ ಹೆಸರಿಗೆ ಹೋಗುವುದು. ಆದಕಾರಣ ಸತ್ವವು ಮೊದಲೇ ಗೊತ್ತಿರುವ ದ್ರವಗಳನ್ನು ನಡುವೆ ಇರಿಸಿ ಯಂತ್ರವನ್ನೇ ಪರೀಕ್ಷಿಸುವ ಪದ್ಧತಿಯಿದೆ.

ಆದರೆ ಹೊಲದಲ್ಲಿ ಆದ ತಪ್ಪನ್ನು ಯಾವ ಯಂತ್ರವೂ ತಿದ್ದಲಾರದು. ಒಂದು ಎಕರೆಯ ಮೇಲಿನ 6 ಅಂಗುಲದ ಮಣ್ಣು ಸುಮಾರು 9 ಲಕ್ಷ ಕಿಲೋಗ್ರಾಂ ತೂಗುವುದು. ಪೊಟ್ಯಾಷಿನ ಪರೀಕ್ಷೆಗೆ ತೆಗೆದುಕೊಳ್ಳುವುದು 5 ಗ್ರಾಂ, ಅಂದರೆ 18 ಕೋಟಿಯಲ್ಲಿ ಒಂದು ಪಾಲು. ಆ ಚಿಟಿಕೆಯು ಇಡೀ ಹೊಲದ ಪರವಾಗಿ ಸಾಕ್ಷಿ ನುಡಿಯಬೇಕಾಗಿದೆ.

ಸ್ಥಾನದ ವಿಷಯದಲ್ಲಿಯೂ ಎಚ್ಚರವು ಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಭೂಮಿಗೆ 2.5 ಹೆಕ್ಟೇರಿಗೊಂದು, ಮಳೆಯಾಶ್ರಿತ ಭೂಮಿಗೆ 10 ಹೆಕ್ಟೇರಿಗೊಂದು ಮಾದರಿಯೆಂದು ಗೊತ್ತುಮಾಡಿ, ಉಪಗ್ರಹಗಳ ನೆರವಿನಿಂದ ಸ್ಥಾನವನ್ನು ಗುರುತಿಸಲಾಯಿತು. ಹತ್ತು ಹೆಕ್ಟೇರೆಂದರೆ ಸುಮಾರು 25 ಎಕರೆ. ಅದರೊಳಗೆ ಹಲವರ ಹೊಲಗಳಿರಬಹುದು. ಮೊಬೈಲ್ ಫೋನು ತೋರಿಸುವ ಸ್ಥಾನವೂ ಕೆಲವು ಗಜ ಆಚೀಚೆಯಾಗುವುದುಂಟು. ಗುಂಟೆಯ ಪಕ್ಕವೇ 33 ಅಡಿ ಇರುವಾಗ, ಬದುವಿನ ಮೇಲೆ ನಿಂತು ಗುರುತಿಸಿದರೆ ನೆರೆಯವನ ಹೊಲವು ದಾಖಲಾದೀತು. ಆದುದರಿಂದ ಹೊಲದ ನಡುವೆ ನಿಂತು ಗುರುತಿಸತಕ್ಕದ್ದು. ಸಾಧ್ಯವಾದವರು ತಮ್ಮ ಹೊಲದ ಮಾದರಿಯನ್ನು ಪ್ರತ್ಯೇಕವಾಗಿ ಕಳುಹಿಸತಕ್ಕದ್ದು.

ಮಾದರಿ ತೆಗೆಯುವ ಕ್ರಮ:

1. ಮುಂಗಾರಿಗೆ ಮುಂಚೆ, ಗೊಬ್ಬರ ಹಾಕುವುದಕ್ಕೆ ಮೊದಲೇ ತೆಗೆಯಬೇಕು.

2. ಬದು, ಮರದ ನೆರಳು, ತಿಪ್ಪೆಯಿದ್ದ ಜಾಗಗಳನ್ನು ಬಿಟ್ಟು, ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ 6 ಅಂಗುಲ ಆಳದವರೆಗಿನ ಮಣ್ಣನ್ನು ಸಮನಾಗಿ ತೆಗೆಯಬೇಕು.

3. ಚೆನ್ನಾಗಿ ಬೆರೆಸಿ ಹರಡಿ, ನಾಲ್ಕು ಭಾಗಮಾಡಿ, ಎದುರುಬದುರಿನ ಎರಡನ್ನು ಬಿಸುಡಬೇಕು. ಅರ್ಧ ಕಿಲೋಗ್ರಾಂ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಬೇಕು.

4. ರಸಗೊಬ್ಬರದ ಹಳೆಯ ಚೀಲದಲ್ಲಿ ಎಂದಿಗೂ ತುಂಬಕೂಡದು. ಹೆಸರು, ಸರ್ವೆ ನಂಬರು, ಬೆಳೆಯ ವಿವರಗಳನ್ನು ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಬೇಕು.

ಹೊಗೆಸೊಪ್ಪಿನವರು ಮತ್ತೊಂದನ್ನು ಗಮನಿಸಬೇಕು. ಚೀಟಿಯ 12 ಅಂಶಗಳಲ್ಲಿ ಕ್ಲೋರೈಡು ಸೇರಿಲ್ಲ. ಎಲೆಯಲ್ಲಿ ಅದು ಹೆಚ್ಚಿದರೆ ಎಲೆಯು ಸರಿಯಾಗಿ ಉರಿಯದೆ ಬೆಲೆಯನ್ನು ಕಳೆದುಕೊಳ್ಳುವುದು. ಆದುದರಿಂದ ಮಣ್ಣಿನ ಮತ್ತು ಬಾವಿ ನೀರಿನ ಕ್ಲೋರೈಡನ್ನು ಬೇರೆಯಾಗಿ ಪರೀಕ್ಷೆ ಮಾಡಿಸಬೇಕು. ಪೊಟ್ಯಾಷ್ ಕಡಮೆಯೆಂದು ಚೀಟಿಯು ತಿಳಿಸಿದಾಗ, ಅಗ್ಗವೆಂದು ಮ್ಯೂರಿಯೇಟ್ ಆಫ್ ಪೊಟ್ಯಾಷನ್ನು ಹಾಕದೆ ಸಲ್ಫೇಟ್ ಆಫ್ ಪೊಟ್ಯಾಷನ್ನೇ ಹಾಕತಕ್ಕದ್ದು. ಮೊದಲಿನದರಲ್ಲಿ ಹೆಚ್ಚುಕಡಮೆ ಅರ್ಧ ಭಾಗ ಕ್ಲೋರೈಡೇ ಇರುವುದು.

ಯಂತ್ರವು ತನಗೆ ಕೊಟ್ಟ ಮಣ್ಣಿನ ವಿಷಯವನ್ನು ಮಾತ್ರ ಹೇಳಬಲ್ಲದು. ತನ್ನ ಹೊಲದ ನಿಜವಾದ ಮಣ್ಣನ್ನು ಕೊಡುವ ಹೊಣೆಯು ಬೇಸಾಯಗಾರನದು.